ಹೊರಬೀಡಿನ ದಿನ ಬರೆದ ಸೊನ್ನೆ

ಆಷಾಢದ ಕಡೆಯ ಮಂಗಳವಾರ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಕರಿಜಾಲಿ ತೋಟವೆಂಬ ವಸ್ತಿಯ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಯ ಹತ್ತೊಂಬತ್ತು ಮಕ್ಕಳನ್ನು ಸೊನ್ನೆ ಎಂದು ಬರೆದುಕೊಂಡು ಹೋದರು. ದೀಪಾವಳಿ ರಜೆ ಮುಗಿಯುತ್ತಲೇ ಶಾಲೆ ಮುಚ್ಚುವ ಆದೇಶ ಬಂತು.

ಆದೇಶ ಜಾರಿಯಾಗುವ ದಿನ ಇವತ್ತು. ಬೆಳಗಿನ ಐದೂವರೆ. ಸತ್ತಿ ಗ್ರಾಮದಿಂದ ನಾಲ್ಕು ಕಿಲೋಮೀಟರ್ ಒಳಗೆ, ಕಬ್ಬಿನ ನಡುವಿನ ಕಾಲುದಾರಿಯಲ್ಲಿ, ಶಾಲೆಯ ಅಡುಗೆಯವರಾದ ಹೊಳೆವ್ವ ಬ್ಯಾಟರಿ ಹಿಡಿದು ನಡೆಯುತ್ತಿದ್ದಾರೆ. ಒಂದು ಬಾಗಿಲ ಮುಂದೆ ನಿಲ್ಲುತ್ತಾರೆ.

"ಏ ಗೌರಾಬಾಯಿ, ನಿಮ್ಮನ್ಯಾನ ಹುಡುಗೂರ ಎಷ್ಟ ಬರ್ತಾವ ಸಾಲಿಗೆ ಇವತ್ತ?"

"ಎರಡೂ ಬರ್ತಾವ. ಖಾರ ಕಡಿಮಿ ಹಾಕ ಬೇ, ನಿನ್ನೆ ಸಣ್ಣಾಕಿ ನೀರ ಕುಡದ ಕುಡದ ಹೊಟ್ಟಿ ಕೊಡ ಆಗಿತ್ತ."

"ಖಾರ ಸಾರಿಂದಲ್ಲ, ನಿನ್ನ ಮಗಳ ಬಾಯೀದ," ಎಂದು ಹೊಳೆವ್ವ ನಗದೆಯೇ ಮುಂದಿನ ಮನೆಗೆ ಹೊರಡುತ್ತಾರೆ.

ಹದಿನಾಲ್ಕು ವರ್ಷದಿಂದ ಇದೇ ರೂಢಿ. ಇಲ್ಲಿಯ ಅರ್ಧ ಮನೆಗಳವರಿಗೆ ತುಂಡು ಹೊಲವಿದೆ, ಉಳಿದವರು ಕುರಿಗಾರರು. ಕುರಿ ತಿರುಗಿದತ್ತ ಮಕ್ಕಳೂ ತಿರುಗುತ್ತಾರೆ. ಗೊಬ್ಬರಕ್ಕೆಂದು ಯಾರದೋ ಹೊಲದಲ್ಲಿ ಕುರಿ ತರುಬಿ ರಾತ್ರಿ ಬೀಡುಬಿಟ್ಟಿದ್ದರೆ ಹೊಳೆವ್ವ ಅಲ್ಲಿಗೂ ಹೋಗಿ, ಕಂಬಳಿಯೊಳಗಿನ ಮಕ್ಕಳನ್ನು ಎಬ್ಬಿಸಿ, ಎಣಿಸಿ ಬಂದೇ ಅಕ್ಕಿ ಅಳೆಯುತ್ತಾರೆ. ಈ ಶಾಲೆಯಲ್ಲಿ ಮಕ್ಕಳೆಷ್ಟು ಎಂಬುದನ್ನು ಇವರನ್ನು ಕೇಳಬೇಕಿತ್ತು. ಯಾವ ಸಾಹೇಬನೂ ಕೇಳಲಿಲ್ಲ.

ಶಾಲೆಯೆಂದರೆ ಎರಡು ಕೋಣೆ, ತಗಡಿನ ಅಡುಗೆಮನೆ, ಒಬ್ಬರೇ ಶಿಕ್ಷಕರು. ಒಂದರಿಂದ ಐದನೆಯ ತರಗತಿ. ಹತ್ತರಿಂದ ನಾಲ್ಕೂವರೆ, ಶನಿವಾರ ಅರ್ಧ ದಿನ. ಆರು ತುಂಬಿದ ಮಗು ಜನನ ಪತ್ರವಿಲ್ಲದೆ ಬಂದರೂ, ವರ್ಷದ ನಡುವೆ ಬಂದರೂ ಹೆಸರು ದಾಖಲಿಸಿಕೊಳ್ಳುತ್ತಾರೆ. ಕುರಿಗಾರರ ಮಕ್ಕಳಿಗೆ ಬೇಕಾದದ್ದು ಇದೇ. ಹತ್ತೊಂಬತ್ತರಲ್ಲಿ ಹನ್ನೊಂದು ಹುಡುಗಿಯರು. ಇವರನ್ನೆಲ್ಲ ಸೇರಿಸಬೇಕೆಂದಿರುವ ದೊಡ್ಡ ಶಾಲೆ ಮೂರೂವರೆ ಕಿಲೋಮೀಟರ್ ದೂರದಲ್ಲಿದೆ. ನಡುವೆ ಕಾರ್ಖಾನೆಗೆ ಕಬ್ಬು ಹೊತ್ತು, ಎರಡೆರಡು ಟ್ರೇಲರ್ ಎಳೆದುಕೊಂಡು ಟ್ರ್ಯಾಕ್ಟರುಗಳು ಓಡುವ ರಸ್ತೆ. ಏಳು ವರ್ಷದ ಮಗು ಅದನ್ನು ಹೇಗೆ ದಾಟಬೇಕೆಂದು ಆದೇಶದಲ್ಲಿ ಬರೆದಿಲ್ಲ.

ಆ ಮಂಗಳವಾರ ಹೊರಬೀಡು. ದೇವರ ಹೆಸರಲ್ಲಿ ವಸ್ತಿಯವರೆಲ್ಲ ನಸುಕಿನಲ್ಲೇ ಕದ ಹಾಕಿ, ದನಕರು ಸಮೇತ ಸೀಮೆಯಾಚೆ ಹೋಗಿ, ಅಲ್ಲೇ ಬೇಯಿಸಿ ಉಂಡು, ಹೊತ್ತು ಮುಳುಗಿದ ಮೇಲೆ ಮರಳುವ ಪದ್ಧತಿ. ಅಂದು ವಸ್ತಿಯೊಳಗೆ ಒಲೆ ಹೊತ್ತಿಸುವಂತಿಲ್ಲ. ಶಿಕ್ಷಕ ಸಿದ್ದಲಿಂಗ ಮಾಸ್ತರರು ಹದಿನೈದು ದಿನ ಮೊದಲೇ ಸ್ಥಳೀಯ ರಜೆ ಕೇಳಿ ಪತ್ರ ಕೊಟ್ಟಿದ್ದರು. ಉತ್ತರ ಬರಲಿಲ್ಲ. ಖಾಲಿ ಶಾಲೆಯಲ್ಲಿ ಒಬ್ಬರೇ ಕುಳಿತಿದ್ದರು.

"ಎಲ್ಲಾರೂ ಹೊರಬೀಡಿಗೆ ಹೋಗ್ಯಾರ ಸರ್, ನಾಳೆ ಬರ್ರಿ ಅಂದ್ನಿ. 'ನಮ್ಮ ಫಾರಮ್ಮಿನಾಗ ಹೊರಬೀಡಿಗೆ ಕಾಲಂ ಇಲ್ಲ' ಅಂದ್ರು," ಎನ್ನುತ್ತಾರೆ ಮಾಸ್ತರರು. ಹಾಜರಿ ಪುಸ್ತಕ ಮೇಜಿನ ಮೇಲೇ ಇತ್ತು. ಹಿಂದಿನ ದಿನ ಹದಿನೆಂಟು ಮಕ್ಕಳು ಬಂದದ್ದನ್ನು ನೋಡಲು ಅದನ್ನು ತೆರೆದರೆ ಸಾಕಿತ್ತು. ಅಧಿಕಾರಿ ತೆರೆಯಲಿಲ್ಲ. ಆದೇಶದ ವಿರುದ್ಧ ಮಾಸ್ತರರು ಕೊಟ್ಟ ತಕರಾರು ಅರ್ಜಿಗೆ ಸ್ವೀಕೃತಿಯ ಮುದ್ರೆ ಬಿದ್ದಿದೆ, ಅಷ್ಟೇ.

ಅಡುಗೆಮನೆಯಲ್ಲಿ ಬೇಳೆ ಆರಿಸುತ್ತ ಹೊಳೆವ್ವ ತಮ್ಮ ತಪ್ಪನ್ನೂ ಮುಚ್ಚಿಡುವುದಿಲ್ಲ. "ನಾನೂ ಹೋಗಿದ್ನಿರಿ. ದೇವರ ಕಾಲ ಬಿದ್ದ ತಪ್ಪಾತು ಅಂದ, ನಾಕ ಹುಡುಗೂರ್ನ ಹಿಡಕೊಂಡ ಇಲ್ಲೇ ಕುಂತಿದ್ರ ಸಾಲಿ ಉಳೀತಿತ್ತ." ಬೇಳೆಯೊಳಗಿನ ಕಲ್ಲೊಂದನ್ನು ಹೊರಗೆಸೆಯುತ್ತಾರೆ. "ನನ್ನ ಎರಡನೇ ಇಯತ್ತೆದಾಗ ಸಾಲಿ ಬಿಡಿಸಿ ಕುರಿ ಹಿಂದ ಹಚ್ಚಿದ್ರು. ಸಾಲಿ ದೂರಿತ್ತ, ಅಷ್ಟ ಕಾರಣ. ಮೂರನೇ ಇಯತ್ತೆದ ಪ್ರಾಜಕ್ತಾ ಅದಾಳಲ್ರಿ, ಅವರಪ್ಪ ಈಗ ಹೇಳಿ ಬಿಟ್ಟಾನ, ದೂರ ಆದ್ರ ಬ್ಯಾಡ ಅಂತ. ಆಕಿಗೆ ಮೇಸಾಕ ಒಂದು ಕುರಿಮರಿ ತಂದ ಕಟ್ಟ್ಯಾನ."

ಹನ್ನೊಂದಕ್ಕೆ ಟೆಂಪೋ ಬರುತ್ತದೆ. ಶಿಕ್ಷಣ ಇಲಾಖೆ ಕಚೇರಿಯ ನೌಕರ ವಿಶಾಲನ ಕೈಯಲ್ಲಿ ಪಟ್ಟಿಯಿದೆ: ಪಾತ್ರೆ, ಒಲೆ, ಸಿಲಿಂಡರ್, ಉಳಿದ ಅಕ್ಕಿ. ಒಳಗೆ ಮಕ್ಕಳು ಮಗ್ಗಿ ಹೇಳುತ್ತಿದ್ದಾರೆ. ಮಾಸ್ತರರು ಬಾಗಿಲಿಗೆ ಬಂದು ನಿಲ್ಲುತ್ತಾರೆ. ಸರ್ಕಾರಿ ನೌಕರರು ಅವರು, ತಡೆಯುವಂತಿಲ್ಲ.

"ಮಾವಶಿ, ಒಲಿ ಆರಿಸ್ರಿ. ಸಾಮಾನ ಎತ್ತಬೇಕ," ಎನ್ನುತ್ತಾನೆ ವಿಶಾಲ ಹೊಳೆವ್ವನಿಗೆ.

"ಬ್ಯಾಳಿ ಕುದಿಯಾಕತ್ತೈತೆಪಾ."

"ಇವತ್ತಿಂದ ಇಲ್ಲಿ ಸಾಲಿ ಇಲ್ರಿ. ಇಲ್ಲದ ಸಾಲಿಗೆ ಯಾತರ ಅಡಗಿ?"

"ಹಂಗಾರ ಒಳಗ ಕುಂತಾವಲ್ಲ, ಅವೇನ ದೆವ್ವ ಏನಲೇ?"

ವಿಶಾಲ ದನಿ ತಗ್ಗಿಸುತ್ತಾನೆ. "ನನಗ ಹುಕುಂ ಐತ್ರಿ. ನೀವ ಸುಮ್ಮ ಕೊಟ್ರ ದೊಡ್ಡ ಸಾಲ್ಯಾಗ ನಿಮಗ ಕೆಲಸ ಕೊಡ್ತಾರ. ಇಲ್ಲಾಂದ್ರ ಅದೂ ಹೋಗತೈತಿ."

"ನನ್ನನ್ನೇನೋ ಟೆಂಪೋದಾಗ ಒಯ್ತಿ. ಪ್ರಾಜಕ್ತಾನ್ನ ಯಾರ ಒಯ್ತಾರ?"

ಅವನು ಸಿಲಿಂಡರಿನತ್ತ ಒಂದು ಹೆಜ್ಜೆ ಇಡುತ್ತಾನೆ. ಹೊಳೆವ್ವ ಸೆರಗು ಸಿಕ್ಕಿಸಿಕೊಂಡು ಅಡುಗೆಮನೆಯ ಹೊಸ್ತಿಲ ಮೇಲೆ, ಎರಡೂ ಕಡೆಯ ಚೌಕಟ್ಟಿಗೆ ಕೈ ಕೊಟ್ಟು ಕುಳಿತುಬಿಡುತ್ತಾರೆ.

"ಹಸದಿದ್ರ ಹುಡುಗೂರ ಪಂಕ್ತ್ಯಾಗ ಕುಂದರ, ನಿನಗೂ ನೀಡ್ತೇನಿ. ಭಾಂಡಿ-ಪಾತ್ರಿ ಮಾತ್ರ ಕೊಡಾಂಗಿಲ್ಲ."