ಡ್ರ್ಯಾಗನ್‌ಗೆ ಬೆನ್ನು ಕೊಟ್ಟು ಕೂತವಳು

ನನ್ನ ಮೊಮ್ಮಗಳು ಡ್ರ್ಯಾಗನ್ ಬಗ್ಗೆ ಪುಸ್ತಕ ಬರೆದಿದ್ದಾಳೆ ಅಂತ ಹಾಲಿನ ಡೇರಿಯಲ್ಲಿ ನಿಂತು ನಾಲ್ಕು ಜನಕ್ಕೆ ಹೇಳಿದೆ. ಮಾರನೇ ದಿನ ಬೆಳಿಗ್ಗೆ ಪಕ್ಕದ ಹೊಲದ ತಿಪ್ಪೇಸ್ವಾಮಿ ಬಾಗಿಲಿಗೇ ಬಂದ.

"ದೊಡ್ಡವ್ವ, ಎಲ್ಲೈತೆ ಪುಸ್ತಕ? ಗೊಬ್ಬರ ಎಷ್ಟು ಹಾಕ್ಬೇಕು, ನೀರು ಎಷ್ಟು ದಿನಕ್ಕೊಂದ್ಸಲ ಬಿಡ್ಬೇಕು, ಎಲ್ಲಾ ಬರ್ದವ್ಳಾ?"

ತಪ್ಪು ಅವನದಲ್ಲ. ಹಿರಿಯೂರು ಕಡೆ ಅವನ ಬೀಗರು ಕಲ್ಲುಕಂಬ ನೆಟ್ಟು ಕಳ್ಳಿಯಂಥ ಗಿಡ ಹಬ್ಬಿಸಿದ್ದಾರೆ. ಕೆಂಪು ಹಣ್ಣು ಬಿಡುತ್ತೆ. ಅದನ್ನು ಡ್ರ್ಯಾಗನ್ ಅನ್ನುತ್ತಾರೆ. ಇವನೂ ನೆಡಬೇಕು ಅಂತ ಗುಂಡಿ ತೋಡಿಸಿ ಕೂತಿದ್ದಾನೆ. ನಮ್ಮೂರು ತಾಳ್ಯದಲ್ಲಿ ನನಗೂ ಅವನಿಗೂ ಗೊತ್ತಿದ್ದ ಡ್ರ್ಯಾಗನ್ ಅದೊಂದೇ. (ನಿಮಗೆ ಬೇರೆ ಗೊತ್ತಿತ್ತಾ? ಸಂತೋಷ.)

ಒಳಗಿಂದ ಸಿಂಧು ಬಿದ್ದೂ ಬಿದ್ದೂ ನಕ್ಕಳು. ಅವಳೇ ನನ್ನ ಮೊಮ್ಮಗಳು. ಒಂಬತ್ತನೇ ಕ್ಲಾಸು.

"ಅಯ್ಯೋ ಅಜ್ಜಿ, ಹಣ್ಣಲ್ಲ! ಪ್ರಾಣಿ. ರೆಕ್ಕೆ ಇರ್ತಾವೆ. ಬಾಯಾಗಿಂದ ಬೆಂಕಿ ಉಗುಳ್ತೈತೆ."

"ಎಲ್ಲೈತೆ?"

"ಎಲ್ಲೂ ಇಲ್ಲ."

"ಎಲ್ಲೂ ಇಲ್ದೇ ಇರೋದುಕ್ಕೆ ಮೂರು ನೋಟ್‌ಬುಕ್ಕಾ?"

ತಿಪ್ಪೇಸ್ವಾಮಿ ಟೀ ಕುಡಿದು, "ಹಂಗಾರೆ ನಂಗೇನ್ ಉಪಯೋಗ ಬಿಡು" ಅಂತ ಎದ್ದು ಹೋದ. ನನಗೆ ಅವಮಾನ. ಊರಿಗೆಲ್ಲ ಹೇಳಿಕೊಂಡು ಬಂದವಳು ನಾನು. ಒಳಗೆ ಏನಿದೆ ಅಂತ ನೋಡಲೇಬೇಕಲ್ಲ?

ನೋಡುವುದು ನನಗೆ ಸುಲಭವಲ್ಲ. ಬಸ್ಸಿನ ಬೋರ್ಡು, ರೇಷನ್ ಕಾರ್ಡು, ಮಾತ್ರೆ ಚೀಟಿ, ಇಷ್ಟು ಓದುತ್ತೇನೆ. ಈ ಅಂಕಣದ ಒತ್ತಕ್ಷರಗಳನ್ನು ಪತ್ರಿಕೆಯವರು ಸರಿ ಮಾಡಿಕೊಳ್ಳುತ್ತಾರೆ. ಇಡೀ ಪುಸ್ತಕ ಓದಿದ್ದು ಜನ್ಮದಲ್ಲಿ ಇಲ್ಲ. ಆದರೂ ಕುರಿ ಮೇಯಿಸಲು ಹೋಗುವಾಗ ಮೊದಲನೇ ನೋಟ್‌ಬುಕ್ ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಬೆರಳಿಟ್ಟು ಓದಿದೆ. ಬೆಳಿಗ್ಗೆಗೆ ಒಂದು ಪುಟ, ಮಧ್ಯಾಹ್ನಕ್ಕೆ ಒಂದು. ಆಮೇಲೆ ಮೂರು, ನಾಲ್ಕು. ಒಂದು ದಿನ ಕುರಿಗಳು ತಿಪ್ಪೇಸ್ವಾಮಿಯ ಮೆಕ್ಕೆಜೋಳಕ್ಕೆ ನುಗ್ಗಿದ್ದೇ ಗೊತ್ತಾಗಲಿಲ್ಲ.

"ಎಲ್ಲೂ ಇಲ್ದಿರೋ ಪ್ರಾಣಿ ನೋಡ್ಕಂತ, ಇರೋ ಪ್ರಾಣಿ ನನ್ ಹೊಲಕ್ಕೆ ಬಿಟ್ಟಿದಿಯಲ್ಲ ದೊಡ್ಡವ್ವ!"

ಬೈಸಿಕೊಂಡೆ. ಪುಟದ ಮಧ್ಯದಲ್ಲಿದ್ದೆ, ಏನು ಮಾಡಲಿ?

ಕಥೆ ಇಷ್ಟು. ಚಿನ್ನಿ ಅಂತ ಒಬ್ಬ ಹುಡುಗಿ. ತಪ್ಪಿಸಿಕೊಂಡ ಕುರಿಮರಿಯನ್ನು ಹುಡುಕುತ್ತಾ ಜೋಗಿಮಟ್ಟಿ ಹತ್ತುತ್ತಾಳೆ. ಅಲ್ಲಿ ಗುಡ್ಡದ ಮೇಲೆ ಕರೆಂಟಿನ ಗಾಳಿ ಫ್ಯಾನುಗಳಿವೆಯಲ್ಲ, ಅವುಗಳ ಹಿಂದೆ ಡ್ರ್ಯಾಗನ್ ಹಿಂಡು. ಮಳೆಯಲ್ಲಿ ನೆಂದರೆ ಫ್ಯಾನಿನ ಎದುರು ರೆಕ್ಕೆ ಹರಡಿ ಒಣಗಿಸಿಕೊಳ್ಳುತ್ತವಂತೆ. (ಆ ಫ್ಯಾನು ಗಾಳಿ ಬಿಡುವುದಲ್ಲ, ಗಾಳಿಗೆ ತಿರುಗುವುದು. ಹೇಳಿದೆ. "ಕಥೆ ಅಜ್ಜಿ" ಅಂದಳು.) ಒಂದು ಡ್ರ್ಯಾಗನ್‌ಗೆ ಕೊಂಬಿಲ್ಲ. ಹಿಂಡು ಅದನ್ನು ಹತ್ತಿರ ಸೇರಿಸುವುದಿಲ್ಲ. ಚಿನ್ನಿ ಅದಕ್ಕೆ ಬೋಳ ಅಂತ ಹೆಸರಿಡುತ್ತಾಳೆ. ಬೋಳ ನಮ್ಮ ಟಗರಿನ ಹೆಸರು. ಈಗ ಇಲ್ಲ ಅದು. ನನ್ನ ಟಗರಿನ ಹೆಸರನ್ನು ನನ್ನನ್ನೇ ಕೇಳದೆ ಬಳಸಿದ್ದಾಳೆ ನೋಡಿ!

ಐದನೇ ಅಧ್ಯಾಯದಲ್ಲಿ ಚಿನ್ನಿ ಬೋಳನನ್ನು ಒಲಿಸಿಕೊಳ್ಳುತ್ತಾಳೆ. ಹೇಗೆ? ಕತ್ತಿಯಿಲ್ಲ, ಮಂತ್ರವಿಲ್ಲ. ಅದಕ್ಕೆ ಬೆನ್ನು ಕೊಟ್ಟು ಕೂರುತ್ತಾಳೆ. ಕೈಯನ್ನು ಹಿಂದಕ್ಕೆ ಚಾಚಿ ಅಂಗೈಯಲ್ಲಿ ಉಪ್ಪು ಹಿಡಿದಿರುತ್ತಾಳೆ.

ಕುರಿ ಸಾಕಿದವರಿಗೆ ಇದು ಗೊತ್ತು. ಸಂತೆಯಿಂದ ಹೊಸ ಕುರಿ ತಂದರೆ ಕರೆಯಬಾರದು, ದಿಟ್ಟಿಸಬಾರದು. ಕುರಿಯನ್ನು ದಿಟ್ಟಿಸುವುದು ತೋಳ. ಬೆನ್ನು ಕೊಟ್ಟು ಸುಮ್ಮನೆ ಕೂರಬೇಕು. ಮೊದಲ ದಿನ ಬರುವುದಿಲ್ಲ. ಎರಡನೇ ದಿನ ಬೆನ್ನಿಗೆ ಉಸಿರು ತಾಗುತ್ತೆ. ಮೂರನೇ ದಿನ ಅಂಗೈಗೆ ನಾಲಿಗೆ. ಅಲ್ಲಿಂದ ಅದು ನಿಮ್ಮ ಕುರಿ. ನನಗೆ ಇದನ್ನು ನಮ್ಮತ್ತೆ ಕಲಿಸಿದರು, ಬೈದು ಬೈದು. ಸಿಂಧುಗೆ ನಾನು ಯಾವತ್ತೂ ಹೇಳಿಕೊಟ್ಟಿಲ್ಲ. ನೋಡಿಯೇ ಕಲಿತಿದ್ದಾಳೆ. ಅವಳ ಡ್ರ್ಯಾಗನ್ ಉಸಿರು ಬಿಟ್ಟರೆ ಅಂಗೈಯಲ್ಲಿನ ಉಪ್ಪು ಚಟಚಟ ಅನ್ನುತ್ತೆ. ಆ ಪುಟ ಎರಡು ಸಲ ಓದಿದೆ. ಆಮೇಲೆ ನನ್ನ ಅಂಗೈ ನೋಡಿಕೊಂಡೆ.

ಈ ವರ್ಷ ಅವರ ಸ್ಕೂಲಿನ ಒಂದು ಮಗುವಿನ ಪುಸ್ತಕ ಪ್ರಿಂಟ್ ಆಗುತ್ತೆ. ಒಂದೇ ಒಂದು. ಆರಿಸುವುದಕ್ಕೆ ಚಿತ್ರದುರ್ಗದಿಂದ ಒಬ್ಬ ರಿಟೈರ್ಡ್ ಲೆಕ್ಚರರ್ ಬಂದಿದ್ದರು. ಸಿಂಧು ಎರಡು ವರ್ಷ ಬರೆದಿದ್ದು ಇದಕ್ಕೇ. ಅವರು ಓದಿದರು, ಮೆಚ್ಚಿದರು. ಕೊನೆಗೆ ಹೇಳಿದರಂತೆ: "ಐದನೇ ಅಧ್ಯಾಯ ಬದಲಾಯಿಸಮ್ಮ. ನಾಯಕಿ ಬೆನ್ನು ತಿರುಗಿಸಿ ಕೂತರೆ ಹೇಡಿ ಅನ್ನಿಸುತ್ತೆ. ಎದುರು ನಿಂತು, ಕಣ್ಣಲ್ಲಿ ಕಣ್ಣಿಟ್ಟು ಗೆಲ್ಲಬೇಕು. ಸೋಮವಾರ ತೋರಿಸು. ಇಲ್ಲದಿದ್ದರೆ ಬೇರೆಯವರದು ನೋಡಬೇಕಾಗುತ್ತೆ."

ಮನೆಗೆ ಬಂದವಳೇ ವೈಟ್ನರ್ ಹಿಡಿದು ಕೂತಳು. ಮೂಗು ಕೆಂಪಗಿತ್ತು.

"ಏನ್ ಮಾಡ್ಲಿ ಅಜ್ಜಿ?"

"ನನ್ನೇನ್ ಕೇಳ್ತಿ? ಪುಸ್ತಕ ನಿಂದು."

ಹೊಸದುರ್ಗದ ಸಂತೆಯಿಂದ ತಂದ ಹೊಸ ಟಗರು ಹಿತ್ತಲಲ್ಲಿ ಗೂಟಕ್ಕೆ ಗುದ್ದುತ್ತಿತ್ತು. ಅದನ್ನು ತೋರಿಸಿದೆ.

"ಹೋಗು. ನಿಮ್ ಸಾರ್ ಹೇಳ್ದಂಗೆ ಅದರ ಎದ್ರು ನಿಂತ್ಕಂಡು ಕಣ್ಣಾಗೆ ಕಣ್ಣಿಟ್ಟು ನೋಡು."

"ಗುದ್ದುತ್ತೆ ಅಜ್ಜಿ!"

"ಅದನ್ನೇ ಬರಿ."

ಇಷ್ಟೇ ನಾನು ಹೇಳಿದ್ದು. ವೈಟ್ನರ್ ಮುಚ್ಚಳ ಹಾಕಿದಳು. ಸಂಜೆ ತನಕ ಬರೆದಳು. ಐದನೇ ಅಧ್ಯಾಯದ ಒಂದಕ್ಷರ ಕೀಳಲಿಲ್ಲ. ಅದರ ಮುಂಚೆ ಎರಡು ಪುಟ ಸೇರಿಸಿದಳು. ದುರ್ಗದಿಂದ ಒಬ್ಬ ಪಂಡಿತರು ಜೋಗಿಮಟ್ಟಿಗೆ ಬರುತ್ತಾರೆ. ಡ್ರ್ಯಾಗನ್ ಎದುರು ನಿಂತು ದಿಟ್ಟಿಸುತ್ತಾರೆ. ಅದು ಒಂದು ಸೀನು ಸೀನುತ್ತೆ. ಅರ್ಧ ಮೀಸೆ ಹೋಗುತ್ತೆ. ಟವೆಲ್ಲಿನಲ್ಲಿ ಅರ್ಧ ಮುಖ ಮುಚ್ಚಿಕೊಂಡು ಬಸ್ಸು ಹತ್ತುತ್ತಾರೆ.

ಓದಿ ನೋಟ್‌ಬುಕ್ ಮುಚ್ಚಿದೆ.

"ಲೇ, ನಿಮ್ ಸಾರ್‌ಗೆ ಮೀಸೆ ಐತಾ?"

"ಐತೆ."

"ದಪ್ಪಗಾ?"

"ದಪ್ಪಗೆ."

ಮುಗೀತು ಅಂದುಕೊಂಡೆ. ಆದರೂ ಆ ಪುಟ ಹರಿದುಹಾಕು ಅನ್ನಲಿಲ್ಲ.

ಸೋಮವಾರ ನಾನೂ ಸ್ಕೂಲಿಗೆ ಹೋದೆ. ಅವಳು ಲೆಕ್ಚರರ್ ಮುಂದೆ ಗಟ್ಟಿಯಾಗಿ ಓದಬೇಕಿತ್ತು. ಒಳಗೆ ಬನ್ನಿ ಅಂದರು. ಒಲ್ಲೆ ಅಂದೆ. ಎದುರು ಕೂತು ನೋಡಿದರೆ ಮರಿ ಬೆದರುತ್ತೆ. ಜಗಲಿಯಲ್ಲಿ, ಕಿಟಕಿಗೆ ಬೆನ್ನು ಕೊಟ್ಟು ಕೂತೆ.

ಮೊದಲು ದನಿ ದಾರದ ಹಾಗೆ ಸಣ್ಣಗಿತ್ತು. ಸೀನು ಬರುವ ಹೊತ್ತಿಗೆ ಹಗ್ಗದ ಹಾಗಾಯಿತು. ಮೀಸೆ ಸುಟ್ಟಿತು. ಒಳಗೆ ಒಂದು ಕುರ್ಚಿ ಕಿರ್ ಅಂತು. ನಾನು ತಿರುಗಲಿಲ್ಲ. ಆಮೇಲೆ ಆ ಲೆಕ್ಚರರ್ ನಗು! ಎಂಥ ನಗು ಅಂದರೆ, ಜಗಲಿಯಲ್ಲಿದ್ದ ನಾಯಿ ಎದ್ದು ಹೋಯಿತು.

"ಬೆನ್ನು ಕೊಟ್ಟು ಕೂರೋದು ಯಾರು ಹೇಳಿಕೊಟ್ಟರಮ್ಮ ನಿನಗೆ?"

"ಯಾರೂ ಇಲ್ಲ ಸಾರ್. ಕುರಿ ನೋಡಿ ಗೊತ್ತಾತು."

ನನ್ನ ಹೆಸರು ಹೇಳಲಿಲ್ಲ. ಹೇಳಿದ್ದರೆ ಬೈಯುತ್ತಿದ್ದೆ.

"ಐದನೇ ಅಧ್ಯಾಯ ಹಾಗೇ ಇರಲಿ. ಮೀಸೆಯೂ ಇರಲಿ. ಇದೇ ಪ್ರಿಂಟ್ ಆಗಲಿ" ಅಂದರು ಅವರು. ಅವರಿಗೂ ಒಂದು ಮೆಚ್ಚುಗೆಯ ಮಾತು ಸಲ್ಲಬೇಕು. ಅಷ್ಟು ಓದಿದವರು ಒಂಬತ್ತನೇ ಕ್ಲಾಸಿನ ಹುಡುಗಿ ಮುಂದೆ ತಪ್ಪು ಒಪ್ಪಿಕೊಳ್ಳುವುದು ಸಣ್ಣ ಕೆಲಸವಲ್ಲ.

ಆದರೆ ದಿಟ್ಟಿಸಿದರೇ ಧೈರ್ಯ ಅಂತ ಯಾರು ಮಾಡಿದರು ಈ ರೂಲ್ಸು? ಬಸ್ ಸ್ಟ್ಯಾಂಡಿನಲ್ಲಿ, ಪಂಚಾಯ್ತಿ ಮೀಟಿಂಗಿನಲ್ಲಿ, ಟೀವಿಯಲ್ಲಿ ಎಲ್ಲರೂ ಎಲ್ಲರನ್ನೂ ದಿಟ್ಟಿಸುತ್ತಿದ್ದಾರೆ. ಯಾರು ಯಾರಿಗೆ ಒಲಿದರು? ಬೆಂಕಿ ಉಗುಳುವ ಪ್ರಾಣಿ ಹಿಂದೆ ನಿಂತಿದೆ ಅಂತ ಗೊತ್ತಿದ್ದೂ ತಿರುಗಿ ನೋಡದೆ ಕೂರುವುದಕ್ಕೆ ಎಂಟೆದೆ ಬೇಕು.

ಸಿಂಧು ಹೊರಗೆ ಬಂದು ಹಿಂದಿನಿಂದ ನನ್ನ ಹೆಗಲ ಮೇಲೆ ಗದ್ದ ಇಟ್ಟಳು. ಭಾರ ಆಗುತ್ತೆ ಏಳು ಅಂದೆ. ಏಳಲಿಲ್ಲ. ನಾನೂ ಮತ್ತೆ ಹೇಳಲಿಲ್ಲ.

ಹಿಂದೆಯೇ ಲೆಕ್ಚರರ್ ಬಂದರು. ಸಿಕ್ಕಿದ್ದಾರೆ, ಹೇಳಿಬಿಡೋಣ ಅನ್ನಿಸಿತು.

"ಸಾರ್, ಮೂರನೇ ನೋಟ್‌ಬುಕ್ಕಿನಾಗೆ ಬೋಳ ಉಪ್ಪೇ ಕೇಳಂಗಿಲ್ಲ. ಮರ್ತುಬಿಟ್ಟವ್ಳೆ. ಒಂದ್ಸಲ ರುಚಿ ಹತ್ತಿದ್ಮೇಲೆ ಅದು ಬಿಡಂಗಿಲ್ಲ. ಪ್ರಿಂಟಿಗೆ ಮುಂಚೆ ಸೇರ್ಸಕೆ ಹೇಳ್ರಿ."

ಅವರು ಮೀಸೆ ಮುಟ್ಟಿಕೊಂಡು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಜ್ಜಿ, ನೀವು ಎಲ್ಲಿವರೆಗೆ ಓದಿದ್ದೀರಿ?"

"ನನ್ ಮೊಮ್ಮಗಳು ಬರ್ದಿರೋವರ್ಗೂ" ಅಂದೆ.