ಸಾಲಿ ಬಿಟ್ಟವನ ಸಾಲು

೧೯೯೬ರಲ್ಲಿ ನಾನು ಸಾಲಿ ಬಿಟ್ಟೆ. ನಮ್ಮ ಕಡೆ ಶಾಲೆಗೆ ಹಾಗೇ ಅನ್ನುವುದು. ದೇವದುರ್ಗದ ಏಳನೆಯ ತರಗತಿಯಿಂದ ಹೊರಬಿದ್ದವನು ರಾಯಚೂರಿನಲ್ಲಿ ಅರ್ಧ ಎದ್ದಿದ್ದ ಗೋಡೆಯೊಂದರ ಮುಂದೆ ಹೋಗಿ ನಿಂತೆ. ಅಂದಿನಿಂದ ಗೌಂಡಿ ಕೆಲಸ, ಇಟ್ಟಂಗಿಯ ಸಾಲಿನ ಮೇಲೆ ಸಾಲು. 'ಸಾಲಿ'ಯ ಗುಡಿಸು ಹೋಗಿ ಕೊಂಬು ಬಂದು 'ಸಾಲು' ಆಯಿತು ನೋಡಿ, ನನಗೂ ಕೊಂಬು ಬಂತು. ಶಕ್ತಿನಗರದಲ್ಲಿ ನಾನು ಕಟ್ಟಿದ ಗೋಡೆಗೆ ಬೇಕಾದರೆ ದಾರಕ್ಕೆ ಗುಂಡು ಕಟ್ಟಿ ಇಳಿಬಿಟ್ಟು ಪರೀಕ್ಷಿಸಿ. ದಾರ ಕೂದಲೆಳೆಯಷ್ಟು ಆಚೀಚೆ ಸರಿದರೆ ನನ್ನನ್ನು ಕೇಳಿ. ಇದಕ್ಕೆ ಜಂಬ ಅನ್ನುವುದಾದರೆ ಅನ್ನಿ, ನನ್ನದೇನೂ ಅಡ್ಡಿಯಿಲ್ಲ.

ಇಂಥವನ ಮಗಳು ಸುಜಾತಾ, ಐದನೆಯ ತರಗತಿ. ಅವಳಿಗೆ ಗೊತ್ತಿಲ್ಲದ್ದು ಕಡಿಮೆ, ತಾಳ್ಮೆ ಇನ್ನೂ ಕಡಿಮೆ. ಈಗ ನಾವಿರುವ ಮಾನ್ವಿಯ ತನ್ನ ಸಾಲಿಯಲ್ಲಿ ಎಲ್ಲರಿಗಿಂತ ಮೊದಲು ಬರೆದು ಮುಗಿಸಿ, ನೋಟ್‌ಬುಕ್ಕನ್ನು ಮೇಜಿನ ಮೇಲೆ ಪಟ್ಟನೆ ಇಡುವುದೇ ವಿದ್ಯೆಯ ಪರಮಗತಿ ಎಂದು ಅವಳ ನಂಬಿಕೆ. ಹೀಗಾಗಿ ದೀರ್ಘಗಳು ಗಿಡ್ಡಾಗುತ್ತವೆ, ಒತ್ತಕ್ಷರಗಳು ದಾರಿಯಲ್ಲೇ ಉದುರುತ್ತವೆ. ಒಮ್ಮೆ 'ನನ್ನ ತಂದೆ ಮನೆ ಕಟ್ಟುತ್ತಾರೆ' ಎಂದು ಬರೆಯಹೋಗಿ, ಕೊಂಬು ಅವಸರಕ್ಕೆ ಹಿಂದಿನ ಅಕ್ಷರಕ್ಕೂ ಹತ್ತಿಕೊಂಡು, 'ನನ್ನ ತಂದೆ ಮನೆ ಕುಟ್ಟುತ್ತಾರೆ' ಎಂದಾಯಿತು. ಸುಮಾರು ಮೂವತ್ತು ವರ್ಷದ ನನ್ನ ಮಾನ ಒಂದು ಸಾಲಿನಲ್ಲಿ ಕುಸಿಯಿತು.

ಅವಳಿಗೆ ಪಾಠ ಹೇಳುವ ಅಕ್ಕೋರು ನನ್ನನ್ನು ಕರೆಸಿದರು. "ಹುಡುಗಿ ಶಾಣ್ಯಾ ಅದಾಳ್ರಿ. ವಸತಿ ಶಾಲಿ ಪರೀಕ್ಷಾಕ್ಕ ಕಳಸಬೇಕಂತೀನಿ. ಆದ್ರ ಹಿಂಗ ಓಡಿಕೋತ ಬರದ್ರ ಗೊತ್ತಿದ್ದದ್ದೂ ತಪ್ಪತದ. ಕೆಂಪು ಗುರುತಿಲ್ಲದ ಹತ್ತು ಪುಟ ತೋರಿಸ್ರಿ, ಫಾರ್ಮ್ ಕೊಡ್ತೀನಿ. ದಿನಾ ನೀವು ನೋಡಿ ಸಹಿ ಹಾಕ್ರಿ."

ಸಹಿ ಏನು ಮಹಾ? ಊಟದ ತಟ್ಟೆಯ ಪಕ್ಕ ನೋಟ್‌ಬುಕ್ ಮಗಳು ತಂದಿಟ್ಟಳು, ಓದದೆಯೇ ಗೀಚಿದೆ. ಮರುದಿನ ಪುಟ ತಿರುಗಿ ಬಂತು. ಮಗಳ ತಪ್ಪಿಗೆ ಮೂರು ಕೆಂಪು ಸುತ್ತು, ನಾಲ್ಕನೆಯದು ನನ್ನ ಸಹಿಗೆ.

"ಯಪ್ಪಾ, ನೀ ಯಲ್ಲಪ್ಪ ಅಲ್ಲ, ಯಲಪ," ಅಂದಳು ಮಗಳು. "ಎರಡೂ ಒತ್ತು ಎಲ್ಲಿ ಹೋದ್ವು?"

"ಸಹಿ ಅಂದ್ರ ಹಂಗ ಇರ್ತದ. ನಿನಗ ತಿಳಿಯಂಗಿಲ್ಲ."

"ಅಕ್ಕೋರಿಗೂ ತಿಳಿದಿಲ್ಲ ನೋಡು."

ರೊಟ್ಟಿ ಬಡಿಯುತ್ತಿದ್ದ ಹೆಂಡತಿ ತಿರುಗದೆಯೇ ಅಂದಳು, "ಇಬ್ರೂ ಒಂದ ಭಟ್ಟಿ ಇಟ್ಟಂಗಿ."

ಅಂದು ಯೋಚನೆಗೆ ಬಿದ್ದೆ, ಗೆಳೆಯರೇ. ಗೋಡೆಯ ಮುಂದೆ ಉಸಿರು ಹಿಡಿದು ನಿಲ್ಲುವ ಇದೇ ಕೈ, ಕಾಗದ ಕಂಡೊಡನೆ ಏಕೆ ಓಡುತ್ತದೆ? ಯಾರಾದರೂ ನೋಡಿ ನಕ್ಕಾರೆಂಬ ಅಂಜಿಕೆಗೆ, ಅವರು ನೋಡುವ ಮೊದಲೇ ಮುಗಿಸಿಬಿಡುವ ಉಪಾಯವದು. ಸಾಲಿಯನ್ನೂ ಹಾಗೇ ಬಿಟ್ಟೆ, ಫೇಲಾಗುವ ಮೊದಲೇ. ಮಗಳ ಓಟ ಎಲ್ಲರೂ ನೋಡಲೆಂದು, ನನ್ನದು ಯಾರೂ ನೋಡದಿರಲೆಂದು. ಉದುರುವ ಒತ್ತು ಮಾತ್ರ ಇಬ್ಬರದೂ ಒಂದೇ.

ಮರುದಿನ ಸಂಜೆ ನನಗೆ ಬರುವ ಒಂದೇ ವಿದ್ಯೆಯನ್ನು ಅವಳ ಮುಂದಿಟ್ಟೆ. ಒಂದು ಸಾಲು ಬರೆ. ಕೆಳಗೆ ಸ್ಕೇಲು ಇಡು. ಕೊನೆಯ ಪದದಿಂದ ಹಿಂದಕ್ಕೆ ಒಂದೊಂದೇ ಪದಕ್ಕೆ ಬೆರಳಿಟ್ಟು ನೋಡು. ಸಾಲು ಸರಿಯಿದ್ದರೆ ಮಾತ್ರ ಮೇಲಿನ ಸಾಲು, ಅಲ್ಲಲ್ಲ, ಕೆಳಗಿನ ಸಾಲು.

"ಪರೀಕ್ಷಾದಾಗ ಬೆಲ್ ಹೊಡಿತದ. ಗ್ವಾಡಿಗೆ ಹೊಡಿಯಂಗಿಲ್ಲ, ಯಪ್ಪಾ."

"ಬಿದ್ದ ದಿನ ಹೊಡಿತದ."

ಅವಳೂ ಒಂದು ಶರತ್ತು ಹಾಕಿದಳು: ಅವಳು ಬರೆಯುವಷ್ಟು ಹೊತ್ತು ನಾನೂ ಪಕ್ಕದಲ್ಲಿ ಕೂತು ನನ್ನ ಹೆಸರನ್ನು ಪುಟ ತುಂಬ ಬರೆಯಬೇಕು. ಸಿಮೆಂಟಿಗೆ ಒಗ್ಗಿದ ಬೆರಳಿನಲ್ಲಿ ಪೆನ್ನು ಹಲ್ಲಿಮರಿಯಂತೆ ನುಸುಳುತ್ತಿತ್ತು. ಅವಳು ಸ್ಕೇಲೂ ಕೆಂಪು ಪೆನ್ನೂ ಹಿಡಿದು, ನಾನು ಕೆಲಸದವರಿಗೆ ಹೇಳುವ ದನಿಯಲ್ಲೇ ಹೇಳುತ್ತಿದ್ದಳು, "ಈ ಒತ್ತು ವಾಲ್ಯಾದ. ಕೆಡವಿ ಕಟ್ಟು."

ಹೋದ ವಾರ ಅಕ್ಕೋರು ಫಾರ್ಮ್ ಕೊಟ್ಟರು. ಅದನ್ನು ತುಂಬಲು ನಮ್ಮಿಬ್ಬರಿಗೂ ಹಿಡಿದ ಹೊತ್ತಿನಲ್ಲಿ ಒಂದು ಬಚ್ಚಲು ಕಟ್ಟಬಹುದಿತ್ತು. ಪರೀಕ್ಷೆ ಏನಾಗುವುದೋ ತಿಳಿಯದು. ಈಗ ನನ್ನಲ್ಲಿ ಇರುವುದು: ನಾನೇ ಕಟ್ಟಿದ ಮನೆ ಒಂದು, ಅದರಲ್ಲಿ ಕೋಣೆ ಎರಡು, ಹೆಂಡತಿ ಒಬ್ಬಳು, ಮಗಳು ಒಬ್ಬಳು, ಗಾರೆ ಮೆತ್ತುವ ಕರಣೆ ಮೂರು, ಕೆಂಪು ಗುರುತಿಲ್ಲದ ಪುಟಗಳಲ್ಲಿ ಅವಳವು ಹನ್ನೊಂದು, ನನ್ನವು ನಾಲ್ಕು.