ಒಂದು ಅಂಕದ ಆಟಗಾರ

ಕೃಷ್ಣಪ್ರಸಾದ ಆಯುಷ್ಯದಲ್ಲಿ ಒಂದೇ ಒಂದು ಮೆಡಿಕಲ್ ಪರೀಕ್ಷೆಯಲ್ಲೂ ಫೇಲಾದವನಲ್ಲ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೋ ಬಂದು ಕಾಲು, ಸೊಂಟ, ಹೊಟ್ಟೆಯ ಬಲವನ್ನೆಲ್ಲ ಹೀರಿಕೊಂಡು ಹೋದ ಮನುಷ್ಯನಿಗೆ ಇದು ಸಣ್ಣ ಸಾಧನೆಯೇನಲ್ಲ. ಮೈಸೂರಿನ ಕಾರ್ಖಾನೆಯ ಕೆಲಸಕ್ಕೆ ಸೇರುವಾಗ ಡಾಕ್ಟರ ಮೇಜಿನ ಅಂಚನ್ನು ಎಡಗೈಯಲ್ಲಿ ಹಿಡಿದು ನೆಟ್ಟಗೆ ಕೂತು ಪಾಸಾದ. ಉಷಾಳನ್ನು ನೋಡಲು ಹೋದ ದಿನ ಕಬ್ಬಿಣದ ಆಸರೆಪಟ್ಟಿಯ ಕ್ಯಾಲಿಪರ್ ತೊಟ್ಟ ಕಾಲುಗಳನ್ನು ನೀಡಿಕೊಂಡು, ಕುರ್ಚಿಯ ತೋಳು ಬಿಡದೆ, ಒಂದೂವರೆ ಗಂಟೆ ನಗುನಗುತ್ತ ಕೂತು ಅದರಲ್ಲೂ ಪಾಸಾದ. ಗ್ರೀನ್ ಕಾರ್ಡಿನ ತಪಾಸಣೆಯಲ್ಲಂತೂ ಡಾಕ್ಟರೇ ಬೆನ್ನು ತಟ್ಟಿ ಕಳಿಸಿದ್ದರು. ಒಂದು ಕೈಗೆ ಹಿಡಿಯಲು ಏನಾದರೂ ಸಿಕ್ಕರೆ ಸಾಕು, ಅವನು ಬೀಳುತ್ತಿರಲಿಲ್ಲ. ಹಿಡಿದಿದ್ದಾನೆ ಎಂಬುದು ಯಾರಿಗೂ ತಿಳಿಯುತ್ತಲೂ ಇರಲಿಲ್ಲ.

ಅಂಥವನಿಗೆ ೧೯೯೬ರ ಮಾರ್ಚಿನಲ್ಲಿ, ಫೇಲಾಗಲೇಬೇಕಾದ ಪರೀಕ್ಷೆಯೊಂದು ಎದುರಾಯಿತು.

ಎರಡು ವರ್ಷದ ಹಿಂದೆ, ತಾನು ನೆಲೆಸಿದ್ದ ಜರ್ಮನ್‌ಟೌನಿನ ಒಂದು ಅಂಗಡಿಯ ಪಾರ್ಕಿಂಗ್ ಲಾಟಿನಲ್ಲಿ ಡ್ವೈಟ್ ಎಂಬ ವ್ಹೀಲ್‌ಚೇರಿನ ದೈತ್ಯ ಅವನನ್ನು ತಡೆದು ನಿಲ್ಲಿಸಿ, ಇಷ್ಟು ಒಳ್ಳೆಯ ತೋಳುಗಳನ್ನು ಊರುಗೋಲಿಗೆ ದಂಡ ಮಾಡುತ್ತಿದ್ದೀಯಲ್ಲ ಎಂದು ಬೈದಿದ್ದ. ಡ್ವೈಟ್ ವ್ಹೀಲ್‌ಚೇರ್ ಬ್ಯಾಸ್ಕೆಟ್‌ಬಾಲ್ ತಂಡವೊಂದರ ಕೋಚ್. ಆ ವಾರವೇ ಕೃಷ್ಣಪ್ರಸಾದ ಆಟದ ಕುರ್ಚಿಯಲ್ಲಿ ಕೂತು ಗಾಲಿಗೆ ಕೈ ಹಾಕಿದ. ಮೂವತ್ತೆರಡು ವರ್ಷದ ಬಾಳಿನಲ್ಲಿ ಮೊದಲ ಸಲ ಅವನು ಓಡಿದ್ದು ಅಂದು. ಸಂತೋಷಕ್ಕೆ ಅಳು ಬಂತು. ಬೆವರು ಎಂದು ಒರೆಸಿಕೊಂಡ.

ಈ ಆಟದಲ್ಲಿ ಆಟಗಾರರನ್ನೇ ಅಂಕ ಹಾಕಿ ಅಳೆಯುವ ಒಂದು ಲೆಕ್ಕವಿದೆ. ಸೊಂಟದಲ್ಲಿ ಒಳ್ಳೆಯ ಬಲವಿರುವ ಆಟಗಾರನಿಗೆ ಮೂರು ಅಂಕ, ಅಷ್ಟಿಷ್ಟು ಇರುವವನಿಗೆ ಎರಡು, ಏನೂ ಇಲ್ಲದವನಿಗೆ ಒಂದು. ಅಂಗಳದಲ್ಲಿರುವ ಐವರದ್ದೂ ಸೇರಿ ಹನ್ನೆರಡು ದಾಟುವಂತಿಲ್ಲ. ಡ್ವೈಟನ ಬಳಿ ಮೂರು ಅಂಕದವರು ಮೂವರು, ಎರಡರವನು ಒಬ್ಬ, ಅಲ್ಲಿಗೆ ಹನ್ನೊಂದು. ಇದ್ದ ಒಬ್ಬ ಒಂದು ಅಂಕದವನು ಅಟ್ಲಾಂಟಾಕ್ಕೆ ಕೆಲಸ ಹಿಡಿದು ಹೋದ. ಇಷ್ಟು ದಿನ ಅಭ್ಯಾಸದ ಆಟವಷ್ಟೇ ಆಡಿಕೊಂಡಿದ್ದ ಕೃಷ್ಣಪ್ರಸಾದನಿಗೆ ತನ್ನ ಅಂಕವೇ ಗೊತ್ತಾಗಿರಲಿಲ್ಲ. ಕೆರೊಲೈನಾದ ಟೂರ್ನಮೆಂಟಿನ ಬೆಳಿಗ್ಗೆ ಪರೀಕ್ಷೆ. ಒಂದು ಸಿಕ್ಕರೆ ಆಟ, ಎರಡು ಸಿಕ್ಕರೆ ಹೊರಗೆ ಬೆಂಚು ಕಾಯುವುದು.

ಅವನನ್ನು ಆಟಕ್ಕೆ ತಯಾರು ಮಾಡಲು ಒಪ್ಪಿಕೊಂಡವರು ಗೌರಾಬಾಯಿ. ಬಾಗಲಕೋಟೆಯವರು, ಐವತ್ತು ದಾಟಿದ ಫಿಸಿಯೋಥೆರಪಿಸ್ಟ್, ಲ್ಯಾನ್‌ಹ್ಯಾಮ್ ದೇವಸ್ಥಾನದ ಊಟದ ಸಾಲಿನಲ್ಲಿ ಪರಿಚಯವಾದವರು. ವಾರಕ್ಕೆ ಮೂರು ಸಂಜೆ ಜಿಮ್ಮಿನಲ್ಲಿ ಅವನ ಬೆನ್ನ ಹಿಂದೆ ನಿಂತು ಎಣಿಸುತ್ತಿದ್ದರು. ಅವರ ಬಾಯಿಗೆ ಬೀಗವೆಂಬುದಿರಲಿಲ್ಲ.

"ದಿನವೆಲ್ಲಾ ಗಾಲಿ ಮುಂದಕ್ಕ ತಳ್ಳತೀರಿ. ಎದಿ ಬಿಗೀತದ, ಬೆನ್ನು ಸಡಿಲಾಗತದ. ಅದಕ್ಕ ಒಂದ್ಸಲ ತಳ್ಳಿದ್ರ ಎರಡ್ಸಲ ಹಿಂದಕ್ಕ ಎಳೀಬೇಕು. ಭುಜ ಕೆಟ್ಟಿತಂದ್ರ ನಿಮಗ ಆಟ ಹೋಗ್ಲಿ, ಹಾಸಗಿಯಿಂದ ಇಳದು ಸಂಡಾಸಕ್ಕ ಹೋಗೂದೂ ಆಗೂದಿಲ್ಲ. ತಿಳೀತ?"

"ತಿಳೀತು ಮೇಡಂ."

"ಹತ್ತ ಅಂದ್ರ ಹತ್ತ. ಹನ್ನೊಂದ ಅಲ್ಲ. ಪೋಲಿಯೋದವ್ರು ಮೈ ಮುರದು ಮಾಡಿದ್ರ ಇದ್ದ ಬಲಾನೂ ಹೋಗತದ, ತಿರುಗಿ ಬರೂದಿಲ್ಲ."

ಎಲ್ಲಕ್ಕೂ ತಲೆಯಾಡಿಸಿ ಮನೆಗೆ ಬರುತ್ತಿದ್ದ. ಬಂದು, ಉಷಾ ಅಡುಗೆಮನೆಯಲ್ಲಿರುವಾಗ, ಬಾಲ್ಕನಿಯ ಕಂಬಿಗೆ ರಬ್ಬರ್ ಪಟ್ಟಿ ಕಟ್ಟಿ ಇನ್ನೂ ಮೂವತ್ತು ಸಲ ಎಳೆಯುತ್ತಿದ್ದ. ಹುಟ್ಟುಗುಣ ಸುಟ್ಟರೂ ಹೋಗದು. ಜನವರಿಯ ಒಂದು ಬೆಳಿಗ್ಗೆ ಬಲಗೈಯಿಂದ ಕಾಫಿ ಲೋಟ ತಾನಾಗಿಯೇ ಜಾರಿತು. ತಲೆ ಬಾಚಲು ಕೈ ಎತ್ತಿದರೆ ಕಿವಿಯ ಮಟ್ಟಕ್ಕೂ ಬರಲಿಲ್ಲ. ಅವನ ಜೀವ ಹಿಡಿಯಷ್ಟಾಯಿತು. ಕಾಲು ಹೋದವನಿಗೆ ತೋಳೂ ಹೋದರೆ ಉಳಿಯುವುದೇನು? ಉಷಾಳಿಗೆ ಲೋಟ ಬಿಸಿ ಇತ್ತು ಎಂದ. ಗೌರಾಬಾಯಿಗೆ ಏನಿಲ್ಲ ಮೇಡಂ ಎಂದ. ಅವರು ಹೆಬ್ಬೆರಳಿನಿಂದ ಭುಜ ಒತ್ತಿದಾಗಲೂ ತುಟಿಯಲ್ಲಿ ನಗುವಿತ್ತು.

"ಮಾರಿ ನಗತದ, ಭುಜ ಅಳತದ" ಎಂದರು ಗೌರಾಬಾಯಿ. "ಮೂರು ವಾರ ಏನೂ ಎತ್ತಬ್ಯಾಡ್ರಿ."

ಆ ಮೂರು ವಾರ ದಿನಾ ಎದ್ದ ಕೂಡಲೇ ಫ್ರಿಜ್ಜಿನಿಂದ ಗ್ಯಾಲನ್ ಹಾಲಿನ ಕ್ಯಾನ್ ಎತ್ತಿ ನೋಡುವುದೇ ಅವನ ಸಂಧ್ಯಾವಂದನೆಯಾಯಿತು. ಹದಿನೇಳನೆಯ ದಿನ ಕ್ಯಾನ್ ಮೇಲೆದ್ದಿತು. ಅಲ್ಲಿಂದ ಮುಂದೆ ಹತ್ತೆಂದರೆ ಹತ್ತೇ ಮಾಡಿದ. ಕುರ್ಚಿಯ ಹಿಂದೆ ಮರಳಿನ ಚೀಲ ಕಟ್ಟಿಕೊಂಡು ಪಾರ್ಕಿಂಗ್ ಲಾಟಿನ ಏರನ್ನು ಹತ್ತುವಷ್ಟು ಬಲ ಬಂತು. ಬಲದ ಜೊತೆಗೇ ಹೊಸ ಭಯವೂ ಬಂತು.

"ಮೇಡಂ, ಇಷ್ಟು ಸ್ಟ್ರಾಂಗ್ ಆದ್ರೆ ಎರಡು ಅಂಕ ಕೊಟ್ಬಿಡ್ತಾರಾ?"

"ತೋಳಿನ ಬಲಕ್ಕ ಅಂಕ ಇಲ್ರಿ, ನಡದ ಬಲಕ್ಕ ಅಂಕ. ಎರಡೂ ಕೈ ಮ್ಯಾಲೆತ್ತಸ್ತಾರ, ಬಾಲ್ ಒಗೀತಾರ. ನಿಮ್ಮ ನಡ ನಿಲ್ಲೂದಿಲ್ಲ, ನೀವು ಬೀಳ್ತೀರಿ. ಹಿಡೀಲಿಕ್ಕೆ ಅವ್ರು ಮುಂದ ನಿಂತಿರ್ತಾರ. ನಾಟಕ ಮಾಡಬ್ಯಾಡ್ರಿ, ಇದ್ದದ್ದು ತೋರಸ್ರಿ. ಅಷ್ಟ."

ಅಷ್ಟೇ! ಉಳಿದವರಿಗೆ ಅಷ್ಟೇ ಇರಬಹುದು. ಬೀಳದೆ ಇರುವುದನ್ನೇ ಉದ್ಯೋಗ ಮಾಡಿಕೊಂಡವನಿಗೆ, ಬೆಳಕಿನಲ್ಲಿ, ಅಪರಿಚಿತರ ಮುಂದೆ, ಬೇಕೆಂದೇ ಕೈ ಬಿಡುವುದೆಂದರೆ ಇದ್ದ ಉದ್ಯೋಗವನ್ನೇ ಬಿಟ್ಟಂತೆ. ಅಪರಿಚಿತರನ್ನಾದರೂ ಸಹಿಸಿಕೊಂಡಾನು. ಉಷಾ ನೋಡಬಾರದು.

ಶುಕ್ರವಾರ ಐದೂವರೆ ಗಂಟೆ ಡ್ರೈವ್ ಮಾಡಿ ಕೆರೊಲೈನಾದ ಏಪೆಕ್ಸ್ ಊರಿನಲ್ಲಿ ಉಷಾಳ ಚಿಕ್ಕಪ್ಪನ ಮಗಳು ರಚನಾಳ ಮನೆ ಸೇರಿದರು. ದಾರಿಯುದ್ದಕ್ಕೂ ಅವನದು ಒಂದೇ ರಾಗ.

"ನಾಳೆ ಬೆಳಿಗ್ಗೆ ಸುಮ್ನೆ ಪೇಪರ್‌ವರ್ಕ್ ಅಷ್ಟೆ. ನೀನು ರಚನಾ ಜೊತೆ ಮಾಲ್‌ಗೆ ಹೋಗು. ಮ್ಯಾಚ್ ಟೈಮ್‌ಗೆ ಬಾ."

"ಮಾಲ್ ಜರ್ಮನ್‌ಟೌನ್ ಹತ್ರಾನೂ ಇದೆ ಕಣ್ರೀ" ಎಂದಳು ಉಷಾ.

ಬೆಳಿಗ್ಗೆ ಅವಳು ಮಲಗಿರುವಾಗಲೇ, ಗೌರಾಬಾಯಿಯೂ ಬಂದಿದ್ದ ಡ್ವೈಟನ ವ್ಯಾನ್ ಹತ್ತಿ ಹೊರಟುಬಿಟ್ಟ.

ಶಾಲೆಯೊಂದರ ಜಿಮ್ಮಿನ ಪಕ್ಕದ ಕೋಣೆಯಲ್ಲಿ ಪರೀಕ್ಷೆ. ಕೈಯಿಲ್ಲದ, ಬೆನ್ನಿಲ್ಲದ ಒಂದು ಬೆಂಚು. ಕ್ಯಾಲಿಪರ್, ಸೊಂಟದ ಬೆಲ್ಟು ಎಲ್ಲ ಬಿಚ್ಚಿಸಿ ಅವನನ್ನು ಅದರ ಮೇಲೆ ಕೂರಿಸಿದರು. ಎದುರಿಗೆ ಬೆಳ್ಳಿಗೂದಲಿನ ಪರೀಕ್ಷಕಿ ಬಾಲ್ ಹಿಡಿದು ನಿಂತಿದ್ದಳು. ಎರಡೂ ಕೈ ಮೇಲಕ್ಕೆ ಎಂದಳು. ಬಾಲ್ ಬಂತು. ಕೃಷ್ಣಪ್ರಸಾದ ಅದನ್ನು ಬಲಗೈಯೊಂದರಿಂದಲೇ ಎದೆಗೆ ಅವುಚಿಕೊಂಡು ಕಂಬದಂತೆ ಕೂತಿದ್ದ. ಎಡಗೈ ಯಾವಾಗ ಕೆಳಗಿಳಿದು ತೊಡೆಯ ಮರೆಯಲ್ಲಿ ಬೆಂಚಿನ ಅಂಚನ್ನು ಹಿಡಿಯಿತೋ ಅವನಿಗೇ ಗೊತ್ತಿಲ್ಲ, ಪರೀಕ್ಷಕಿಗೂ ಕಾಣಲಿಲ್ಲ. ಆರು ತಿಂಗಳ ಎಳೆತದಿಂದ ಬಲಿತ ಕೈ ಅದು. ಎರಡು ಬೆರಳು ತಾಗಿದ್ದರೆ ಸಾಕಾಗುತ್ತಿತ್ತು.

ಪರೀಕ್ಷಕಿ ಮೆಚ್ಚಿ ತಲೆದೂಗಿದಳು. ಪೆನ್ನು ಕಾಗದದತ್ತ ಹೋಯಿತು. ಹೇಳಲು ನಾಚಿಕೆಯಾಗಬೇಕು, ಆ ಗಳಿಗೆಯಲ್ಲಿ ಅವನಿಗೆ ಹೆಮ್ಮೆಯಾಯಿತು. ಮರುಗಳಿಗೆ ಎರಡು ಅಂಕದ ನೆನಪಾಯಿತು. ಗೋಡೆಗೊರಗಿದ್ದ ಗೌರಾಬಾಯಿ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದರು. ಇನ್ನೊಂದು ಸಲ ಮಾಡಲೇ ಎಂದು ಕೇಳಲು ಬಾಯಿ ತೆರೆದವನಿಗೆ ಬಾಗಿಲು ಕಂಡಿತು. ಅಲ್ಲಿ ಉಷಾ ನಿಂತಿದ್ದಳು, ಕಾರಿನ ಕೀ ಇನ್ನೂ ಬೆರಳಲ್ಲೇ.

ಪೆನ್ನು ಕಾಗದಕ್ಕೆ ತಾಗುವುದರಲ್ಲಿತ್ತು. ಸುಮ್ಮನಿದ್ದರೆ ಮುಗಿಯುತ್ತಿತ್ತು. ಎರಡು ಅಂಕ, ಬೆಂಚು, ಮರ್ಯಾದೆ.

"ಒನ್ ಮೋರ್ ಟೈಮ್, ಪ್ಲೀಸ್" ಎಂದ. "ಐ ವಾಸ್ ಹೋಲ್ಡಿಂಗ್."

ಬಾಲ್ ಮತ್ತೆ ಬಂತು. ಎರಡೂ ಕೈ ಮೇಲೆ ಹೋದವು. ಬೆರಳುಗಳು ಬಾಲಿಗೆ ತಾಗಿದವು, ಆಮೇಲೆ ಅವನ ಮೈ ಸೊಂಟದ ಬಳಿ ಮಡಚಿಕೊಂಡು ಮುಂದಕ್ಕೆ ಕುಸಿಯಿತು. ಕನ್ನಡಕ ಹಾರಿತು, ತಲೆ ಪರೀಕ್ಷಕಿಯ ಹೊಟ್ಟೆಗೆ ಹೋಗಿ ಬಡಿಯಿತು. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನಲು ಇಲ್ಲಿ ಮೀಸೆಯೂ ಉಳಿದಿರಲಿಲ್ಲ. ಅವಳು ಅವನನ್ನು ಎತ್ತಿ ಕೂರಿಸಿ, ಇನ್ನೂ ನಾಲ್ಕು ಬಗೆಯಲ್ಲಿ ಬೀಳಿಸಿ ನೋಡಿ, ಕೊನೆಗೆ ಕಾಗದದ ಮೇಲೆ ಒಂದು ಎಂದು ಬರೆದಳು. ಹೊರಗೆ ಡ್ವೈಟ್ ಕೂಗಿದ ಕೂಗಿಗೆ ಜಿಮ್ಮಿನ ಕಿಟಕಿ ಅದುರಿತು.

ಉಷಾ ಕನ್ನಡಕ ಹೆಕ್ಕಿ, ಸೆರಗಿನಲ್ಲಿ ಒರೆಸಿ ಕೊಟ್ಟಳು. ಅವನು ಆಟದ ಕುರ್ಚಿಗೆ ದಾಟಿಕೊಂಡ ಮೇಲೆಯೇ ಅವಳ ಮಾತು ಹೊರಟಿದ್ದು.

"ಸೋಫಾದಲ್ಲಿ ಕೂತ್ರೂ, ಫೋಟೋಗೆ ನಿಂತ್ರೂ, ದೇವಸ್ಥಾನದಲ್ಲೂ, ಏಳು ವರ್ಷದಿಂದ ನನ್ನ ಭುಜದ ಮೇಲೆ ಕೈ ಇಟ್ಕೊಂಡೇ ಇರ್ತೀರಲ್ಲ" ಎಂದಳು. "ನಾನು ಪ್ರೀತಿಗೆ ಅಂದ್ಕೊಂಡಿದ್ದೆ ಕಣ್ರೀ. ಅಕ್ಕ ತಂಗೀರ ಹತ್ರ ಎಲ್ಲ ಹೇಳ್ಕೊಂಡಿದ್ದೆ."

ಅಂಕ ಸಿಕ್ಕ ಖುಷಿ ಅಲ್ಲಿಗೇ ಇಳಿದುಹೋಯಿತು.

"ಎರಡೂ ಹೌದು ಉಷಾ" ಎಂದ.

ಅವಳು ನಂಬಿದಳೋ ಇಲ್ಲವೋ ಮುಖ ನೋಡಿದರೆ ತಿಳಿಯಲಿಲ್ಲ. ಮಂಡಿಯೂರಿ, ಅವನ ಸೊಂಟವನ್ನು ಕುರ್ಚಿಗೆ ಕಟ್ಟುವ ಅಗಲದ ಪಟ್ಟಿಯನ್ನು ಬಳಸಿ ತಂದು ಎಳೆದಳು.

"ಸಾಕಾ?"

ಸಾಕು ಎನ್ನಲು ನಾಲಿಗೆ ಹೊರಳಿತ್ತು. ತಡೆದುಕೊಂಡ.

"ಇಲ್ಲ. ಇನ್ನೂ ಬಿಗಿ ಬೇಕು. ನನಗೆ ಆಗಲ್ಲ, ನೀನೇ ಎಳಿ."